ಮಳೆಗೆ ಮುಂಚೆ ಕೊಡೆ, ಜ್ವರಕ್ಕೆ ಮುಂಚೆ ಸೂಜಿ

ಜೂನ್ ಹಿಡಿಯಿತೆಂದರೆ ಮಡಿಕೇರಿ ಬಸ್ಸುಗಳ ಕಿಟಕಿಗಳೆಲ್ಲ ಬಂದ್. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ, ತೊಟ್ಟಿಕ್ಕುವ ಕೊಡೆಗಳು, ಹಿಂದಿನ ಸೀಟಿನಲ್ಲಿ ಒಬ್ಬರ ಕೆಮ್ಮು. ಬಸ್ಸು ವೀರಾಜಪೇಟೆ ಮುಟ್ಟುವಷ್ಟರಲ್ಲಿ ಆ ಕೆಮ್ಮು ಇನ್ನೊಂದಿಬ್ಬರ ಪಾಲಾಗಿರುತ್ತದೆ!

ಎರಡು ದಿನ ಕಳೆದರೆ ಮೆಡಿಕಲ್ ಶಾಪಿನ ಮುಂದೆ ಅದೇ ಮಾತು: "ಅಣ್ಣಾ, ಜ್ವರ, ಮೈಕೈ ನೋವು. ಒಂದು ಒಳ್ಳೆ ಆಂಟಿಬಯೋಟಿಕ್ ಕೊಡಿ, ನಾಳೆ ಅಂಗಡಿ ತೆಗೀಬೇಕು."

ಸ್ವಾಮಿ, ಫ್ಲೂ ವೈರಸ್ಸಿನ ಕಾಯಿಲೆ. ಆಂಟಿಬಯೋಟಿಕ್ ಅದಕ್ಕೆ ನಾಟುವುದೇ ಇಲ್ಲ. ದುಡ್ಡು ದಂಡ, ಜ್ವರ ಹಾಗೇ!

"ಫ್ಲೂ ಅಂದ್ರೆ ನೆಗಡಿ ತಾನೆ?" ಎನ್ನುವವರು ಹಳೆಯ ಲೆಕ್ಕ ನೋಡಬೇಕು. 1918ರಲ್ಲಿ ಈ ಜ್ವರ ನಮ್ಮ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂಡೊಯ್ದಿತು. 1957ರ ಮೇ ತಿಂಗಳಲ್ಲಿ ಹಡಗಿನಲ್ಲಿ ಮದರಾಸಿಗೆ ಬಂದಿಳಿದ ಏಷಿಯನ್ ಫ್ಲೂ, ಮುಂದಿನ ಫೆಬ್ರವರಿಯೊಳಗೆ ಲೆಕ್ಕಕ್ಕೆ ಸಿಕ್ಕವರನ್ನಷ್ಟೇ ಎಣಿಸಿದರೂ 44 ಲಕ್ಷ ಮಂದಿಯನ್ನು ಮಲಗಿಸಿತು. ಅದನ್ನೆಲ್ಲ ಬರೆದಿಟ್ಟವರು ನಮ್ಮ ಪಕ್ಕದ ನೀಲಗಿರಿಯಲ್ಲೇ ಇದ್ದ ಡಾ. ಐ.ಜಿ.ಕೆ. ಮೆನನ್. ಕೂನೂರಿನ ಪಾಸ್ಟರ್ ಇನ್‌ಸ್ಟಿಟ್ಯೂಟಿನ ಇನ್‌ಫ್ಲುಯೆಂಜಾ ಕೇಂದ್ರ ಅವರದು.

ಸೂಜಿ ಕೆಲಸ ಮಾಡುತ್ತದೆಯೆ?

ಮಾಡುತ್ತದೆ, ಆದರೆ ಪ್ರತಿ ವರ್ಷ ಒಂದೇ ಸಮ ಅಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 2009ರಿಂದ ಮೂರು ವರ್ಷ ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಕೆಲವು ಮನೆಗಳ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದ ಮನೆಗಳ ಮಕ್ಕಳಿಗೆ ಪೋಲಿಯೋ ಸೂಜಿ. ಫ್ಲೂ ಲಸಿಕೆಯ ಫಲ ಮೊದಲ ವರ್ಷ ನೂರಕ್ಕೆ ಸುಮಾರು 25, ಎರಡನೆಯ ವರ್ಷ 41, ಮೂರನೆಯ ವರ್ಷ 74!

ಈ ವೈರಸ್ಸು ವರ್ಷ ವರ್ಷ ವೇಷ ಬದಲಿಸುತ್ತದೆ. ಲಸಿಕೆಯಲ್ಲಿರುವ ತಳಿಗೂ ಊರಲ್ಲಿ ಓಡಾಡುವ ತಳಿಗೂ ತಾಳೆಯಾದರೆ ಫಲ ಹೆಚ್ಚು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ ತಳಿಗಳ ಪಟ್ಟಿ ಪರಿಶೀಲಿಸುತ್ತದೆ. ಹೋದ ವರ್ಷ ಹಾಕಿಸಿಕೊಂಡ ಸೂಜಿ ಈ ವರ್ಷಕ್ಕೆ ಸಾಲದು.

ಇನ್ನೊಂದು ಮಾತು. ಚಳಿ ದೇಶಗಳಲ್ಲಿ ಫ್ಲೂ ಚಳಿಗಾಲದ ಕಾಯಿಲೆ. ನಮ್ಮ ದಕ್ಷಿಣದಲ್ಲಿ ಅದು ಮುಖ್ಯವಾಗಿ ಮಳೆಯ ಜೊತೆಗೇ ಬರುತ್ತದೆ. ಸೂಜಿಯ ಬಲ ಮೈಗೆ ಹತ್ತಲು ಎರಡು ವಾರ ಬೇಕು. ಆದ್ದರಿಂದ ಏಪ್ರಿಲ್-ಮೇನಲ್ಲೇ ಹಾಕಿಸಬೇಕು. ಮಳೆ ಹೊಡೆದ ಮೇಲೆ ಕೊಡೆ ಹುಡುಕಿದ ಹಾಗೆ ಆಗಬಾರದು.

ಮಾತ್ರೆಯ ಗಡಿಯಾರ

ಫ್ಲೂಗೆಂದೇ ಇರುವ ಮಾತ್ರೆ ಒಸೆಲ್ಟಾಮಿವಿರ್. ಜ್ವರ ಶುರುವಾದ 48 ಗಂಟೆಯೊಳಗೆ ನುಂಗಿದರೆ ಒಳ್ಳೆಯ ಫಲ. ಆದರೂ ಗಟ್ಟಿಮುಟ್ಟಾದವರಿಗೆ ಉಳಿಯುವುದು ಹೆಚ್ಚೆಂದರೆ ಒಂದು ದಿನ. ಅಂಥವರಿಗೆ ಗಂಜಿ, ವಿಶ್ರಾಂತಿ ಸಾಕು. ಆದರೆ ವಯಸ್ಸಾದವರು, ಗರ್ಭಿಣಿಯರು, ಎಳೆ ಮಕ್ಕಳು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು "ನಾಳೆ ನೋಡೋಣ" ಅನ್ನಬಾರದು. ಉಸಿರು ಕಟ್ಟಿದರಂತೂ ಯಾರಾದರೂ ಸರಿ, ನೇರ ಆಸ್ಪತ್ರೆಗೇ. ಡಾಕ್ಟರ ಚೀಟಿ ಇಲ್ಲದೆ ಈ ಮಾತ್ರೆ ಕೇಳಬೇಡಿ.

ಇಷ್ಟೆಲ್ಲ ಸರಿ, ತೊಡಕು ಜೇಬಿನದು. ಮಕ್ಕಳಿಗೆ ಪುಕ್ಕಟೆ ಸಿಗುವ ರಾಷ್ಟ್ರೀಯ ಲಸಿಕೆಗಳ ಪಟ್ಟಿಯಲ್ಲಿ ಫ್ಲೂ ಸೂಜಿ ಇಲ್ಲ. ಖಾಸಗಿಯಲ್ಲಿ ಹಾಕಿಸಿದರೆ ತೋಟದ ಕೂಲಿಯವರ ಎಷ್ಟೋ ದಿನದ ಸಂಬಳ ಅದಕ್ಕೇ ಹೋಗುತ್ತದೆ. ಮನೆಯ ಅಜ್ಜಿಗೆ ಹಾಕಿಸೋಣವೆ, ಅಕ್ಕಿ ತರೋಣವೆ?

ಮಳೆಗೆ ಮುಂಚೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಿರಿಯರಿಗೂ ಗರ್ಭಿಣಿಯರಿಗೂ ಪುಕ್ಕಟೆ ಸೂಜಿಯ ಕ್ಯಾಂಪ್ ನಡೆಸಿದರೆ ಹೇಗೆ? ಸಂಬಂಧಪಟ್ಟವರು ಯೋಚಿಸುವರೆ?

ಅಲ್ಲಿಯವರೆಗೆ, ಬಸ್ಸಿನಲ್ಲಿ ಕೆಮ್ಮು ಬಂದರೆ ಕರವಸ್ತ್ರ ಅಡ್ಡ ಹಿಡಿಯಿರಿ. ಅದಕ್ಕೆ ಟಿಕೆಟ್ಟಿಲ್ಲ!