ಪ್ರಯೋಗಶಾಲೆಯಲ್ಲಿ ವಿದ್ಯುದ್ಗೋಲದ ನಿರ್ಮಾಣ

ಗುಡುಗು ಸಿಡಿಲುಗಳ ಮಳೆಯಲ್ಲಿ ಕೆಲವೊಮ್ಮೆ ಚೆಂಡಿನಾಕಾರದ ಬೆಳಕೊಂದು ತೋರಿ, ನೆಲಕ್ಕೆ ಸಮೀಪವಾಗಿ ಮೆಲ್ಲನೆ ಚಲಿಸಿ, ಕೆಲವು ಸೆಕೆಂಡುಗಳಲ್ಲಿ ಸದ್ದಿಲ್ಲದೆ ಆರಿಹೋಗುವುದುಂಟು. ಸಿಡಿದು ನಾಶವಾಗುವುದೂ ಉಂಟು. ಇದನ್ನು ಚೆಂಡುಮಿಂಚು ಅಥವಾ ವಿದ್ಯುದ್ಗೋಲವೆಂದು ಕರೆಯಬಹುದು. ಸಾಧಾರಣವಾದ ಮಿಂಚು ಕ್ಷಣಾರ್ಧದಲ್ಲಿ ಮುಗಿಯುವುದು. ಇದಾದರೋ ಸೆಕೆಂಡುಗಟ್ಟಲೆ ನಿಲ್ಲುವುದು. ಈ ಸ್ಥಾಯಿತ್ವಕ್ಕೆ ಬೇಕಾದ ಶಕ್ತಿಯು ಎಲ್ಲಿಂದ ಒದಗುವುದೆಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಈ ವಿಚಾರವು ಹಳೆಯದು. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ರಿಕ್‌ಮನ್ ಎಂಬ ವಿದ್ವಾಂಸನು ಮೋಡಗಳ ವಿದ್ಯುತ್ತನ್ನು ಪರೀಕ್ಷಿಸುತ್ತಿದ್ದಾಗ ಮಡಿದನು. ಸಲಾಕೆಯಿಂದ ಹೊರಟ ನಸುನೀಲಿಯ ಬೆಂಕಿಯುಂಡೆಯೊಂದು ಅವನ ತಲೆಗೆ ತಗುಲಿತೆಂದು ಸಂಗಡವಿದ್ದ ಕೆತ್ತನೆಗಾರ ಸೊಕೊಲೊವನು ಹೇಳಿದನು.

ಶಕ್ತಿಯು ಹೊರಗಿನಿಂದ ಬರುವುದೆಂಬುದು ಒಂದು ಪಕ್ಷ. ಸ್ಥಿರವಾದ ರೇಡಿಯೋ ತರಂಗಗಳು ಗೋಲವನ್ನು ಪೋಷಿಸುವುವೆಂದು ರಷ್ಯದ ಕಪಿಟ್ಸಾ 1955ರಲ್ಲಿ ಪ್ರತಿಪಾದಿಸಿದನು. 1991ರಲ್ಲಿ ಜಪಾನಿನ ಓತ್ಸುಕಿ ಮತ್ತು ಓಫುರುಟನ್ ಎಂಬವರು ಸೂಕ್ಷ್ಮತರಂಗಗಳಿಂದ ಗಾಳಿಯಲ್ಲಿಯೇ ಅಗ್ನಿಗೋಲಗಳನ್ನು ನಿರ್ಮಿಸಿ ತೋರಿಸಿದರು. ಅವು ಬೀಸುವ ಗಾಳಿಗೆ ಎದುರಾಗಿಯೂ ಚಲಿಸಿದುವು. ಆದರೆ ಅಂತಹ ಪ್ರಬಲ ತರಂಗಗಳು ಪ್ರಕೃತಿಯಲ್ಲಿ ಉಂಟಾಗುವುವೆಂಬುದು ಇನ್ನೂ ಸಿದ್ಧವಾಗಿಲ್ಲ.

ಶಕ್ತಿಯು ಗೋಲದೊಳಗೇ ಇರುವುದೆಂಬುದು ಎರಡನೆಯ ಪಕ್ಷ. ಸಿಡಿಲು ಬಡಿದಾಗ ಮಣ್ಣಿನ ಮರಳು ಇಂಗಾಲದೊಡನೆ ಸೇರಿ ಸಿಲಿಕನ್ ಆವಿಯಾಗಿ, ಆ ಸೂಕ್ಷ್ಮ ಕಣಗಳ ಜಾಲವು ಗಾಳಿಯಲ್ಲಿ ಮೆಲ್ಲನೆ ಉರಿಯುವುದೆಂದು ನ್ಯೂಜಿಲೆಂಡಿನ ಏಬ್ರಹಾಂಸನ್ ಮತ್ತು ಡಿನ್ನಿಸ್ 2000ದಲ್ಲಿ ಪ್ರಕಟಿಸಿದರು. 2007ರಲ್ಲಿ ಬ್ರೆಜಿಲಿನ ಪೆರ್ನಾಂಬುಕೊದ ಶೋಧಕರು ಸಿಲಿಕನ್ ಬಿಲ್ಲೆಗಳ ಮೇಲೆ ವಿದ್ಯುತ್ಕಿಡಿಯನ್ನು ಹಾಯಿಸಿದಾಗ, 1ರಿಂದ 4 ಸೆಂಟಿಮೀಟರ್ ವ್ಯಾಸದ ಉಂಡೆಗಳು ನೆಲದ ಮೇಲೆ ಉರುಳುತ್ತ, ಪುಟಿಯುತ್ತ, 8 ಸೆಕೆಂಡುಗಳವರೆಗೂ ಬೆಳಗಿದುವು. 2012ರಲ್ಲಿ ಚೀನದ ಚಿಂಘಾಯ್ ಪ್ರಾಂತದಲ್ಲಿ ಅಕಸ್ಮಾತ್ತಾಗಿ ದೊರೆತ ನೈಜ ಗೋಲದ ವರ್ಣಪಟಲದಲ್ಲಿಯೂ ಮಣ್ಣಿನ ಧಾತುಗಳಾದ ಸಿಲಿಕನ್, ಕಬ್ಬಿಣ, ಸುಣ್ಣಧಾತುಗಳ ಗೆರೆಗಳು ಕಂಡುವು. ಈ ಪಕ್ಷಕ್ಕೆ ಇದು ದೊಡ್ಡ ಬಲ.

ಆದರೂ ಸಂದೇಹವು ಪೂರ್ಣವಾಗಿ ನೀಗದು. 1963ರಲ್ಲಿ ಅಮೆರಿಕದಲ್ಲಿ ರಾತ್ರಿ ವಿಮಾನದಲ್ಲಿ ಹೋಗುತ್ತಿದ್ದ ಪ್ರೊಫೆಸರ್ ಜೆನ್ನಿಸನ್ನನು, ಸುಮಾರು 20 ಸೆಂಟಿಮೀಟರ್ ವ್ಯಾಸದ ಗೋಲವೊಂದು ಆಸನಗಳ ನಡುವಣ ದಾರಿಯಲ್ಲಿ ಸಾಗಿದುದನ್ನು ಕಂಡು ವರದಿಮಾಡಿರುವನು. ಲೋಹದ ವಿಮಾನದೊಳಗೆ ಮಣ್ಣೆಲ್ಲಿಯದು? ನೀರಿನ ಮೇಲೆ ವಿದ್ಯುತ್ತನ್ನು ಹರಿಸಿ ರಷ್ಯ ಮತ್ತು ಜರ್ಮನಿಗಳಲ್ಲಿ ಪಡೆದ ಗೋಲಗಳು ಗಾತ್ರದಲ್ಲಿ ಅದಕ್ಕೆ ಹತ್ತಿರವಾದರೂ ಒಂದು ಸೆಕೆಂಡೂ ಬಾಳವು.

ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಸಿಲಿಕನ್ನನ್ನೇ ವಿದ್ಯುದ್ಗೋಲದ ಲಕ್ಷಣವೆಂದರೆ ವಿಮಾನದ ಗೋಲವು ಹೊರಗುಳಿದು ಅವ್ಯಾಪ್ತಿದೋಷ ಬರುವುದು; ಹೊಳೆಯುವ ಗೋಲವೆಲ್ಲವೂ ವಿದ್ಯುದ್ಗೋಲವೆಂದರೆ ಅತಿವ್ಯಾಪ್ತಿ. ಒಂದೇ ಹೆಸರಿನಡಿಯಲ್ಲಿ ಭಿನ್ನ ಕಾರಣಗಳಿಂದ ಹುಟ್ಟಿದ ಹಲವು ವಸ್ತುಗಳು ಅಡಗಿರಲೂಬಹುದು. ಪ್ರಯೋಗಶಾಲೆಯು ಈವರೆಗೆ ಸಾದೃಶ್ಯವನ್ನು ಸಾಧಿಸಿದೆ. ತಾದಾತ್ಮ್ಯವನ್ನು ನಿರ್ಣಯಿಸಲು ನೈಜ ಗೋಲಗಳ ವರ್ಣಪಟಲಗಳು ಇನ್ನೂ ಹಲವು ದೊರೆಯಬೇಕಾಗಿದೆ.