ಲಾಭ, ಎರಡು, ಮೂರು…

ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ಹಿರಿಯರು ‘ಒಂದು’ ಅನ್ನುತ್ತಿರಲಿಲ್ಲ. ಮೊದಲ ಸೇರು ಚೀಲಕ್ಕೆ ಬೀಳುವಾಗ ‘ಲಾಭ’ ಅನ್ನುತ್ತಿದ್ದರು. ಆಮೇಲೆ ಎರಡು, ಮೂರು, ನಾಲ್ಕು. ಅಳೆಯುವವರ ದನಿ ಅಂಕಿಯನ್ನು ರಾಗವಾಗಿ ಎಳೆಯುತ್ತಾ, ಮುಂದಿನ ಸೇರು ತುಂಬುವವರೆಗೂ ಅದನ್ನೇ ಮತ್ತೆ ಮತ್ತೆ ಅನ್ನುತ್ತಿತ್ತು. ಅದು ಬರೀ ಶಾಸ್ತ್ರ ಅಂತ ಬಹಳ ದಿನ ಅಂದುಕೊಂಡಿದ್ದೆ. ಎಣಿಸುವ ಯಂತ್ರಗಳ ಹೊಟ್ಟೆಯೊಳಗೆ ಏನಿದೆ ಎಂದು ಓದತೊಡಗಿದ ಮೇಲೆ ಆ ರಾಗದ ಜಾಣತನ ತಿಳಿಯಿತು. ಕೈ ರಾಶಿಗೆ ಇಳಿದು ಮೇಲೇಳುವಷ್ಟು ಹೊತ್ತಿನಲ್ಲಿ ಅಂಕಿ ಮರೆತುಹೋಗುತ್ತದೆ. ಅದನ್ನು ಬಾಯಿ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಮುಖ್ಯವಾದದ್ದು, ಗಟ್ಟಿಯಾಗಿ ಎಣಿಸಿದರೆ ಕೊಡುವವನಿಗೂ ಕೇಳುತ್ತದೆ, ಕೊಳ್ಳುವವನಿಗೂ ಕೇಳುತ್ತದೆ. ಒಂದೇ ರಾಶಿಗೆ ಎರಡು ಲೆಕ್ಕ ನಡೆಯುತ್ತಿರುತ್ತದೆ.

ಎಣಿಸುವವರಿಗೆ ಯಾವತ್ತೂ ಎರಡು ಭಯ. ಒಂದು ಬಿಟ್ಟುಹೋದೀತು ಎಂಬುದು, ಒಂದೇ ಎರಡು ಸಲ ಬಂದೀತು ಎಂಬುದು. ಸುಗ್ಗಿಯ ದಿನಗಳಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ರೈಸ್ ಮಿಲ್ಲುಗಳ ಮುಂದೆ ನಿಂತರೆ ಈ ಎರಡೂ ಭಯ ಕಣ್ಣಿಗೆ ಕಾಣುತ್ತವೆ. ತುಂಗಭದ್ರೆಯ ಕಾಲುವೆ ನೀರು ಕುಡಿದು ಬೆಳೆದ ಭತ್ತ ಲಾರಿ, ಟ್ರ್ಯಾಕ್ಟರುಗಳಲ್ಲಿ ಬಂದು ನಿಲ್ಲುತ್ತದೆ. ಇಲ್ಲಿ ಭತ್ತದ ಬೆಲೆಯನ್ನು ಚೀಲದ ಲೆಕ್ಕದಲ್ಲೇ ಆಡುತ್ತಾರೆ, ಚೀಲವೆಂದರೆ 75 ಕಿಲೋ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಹಲಗೆ ದಾಟುತ್ತಾರೆ. ಬಾಗಿಲ ಪಕ್ಕ ಕೂತವನು ಗೆರೆ ಎಳೆಯುತ್ತಾನೆ, ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಅವನ ಇಡೀ ವಿದ್ಯೆ ಅವನು ಕೂತ ಜಾಗದಲ್ಲಿದೆ. ಎಲ್ಲ ಚೀಲವೂ ಒಂದೊಂದಾಗಿ ದಾಟಲೇಬೇಕಾದ ಬಾಗಿಲನ್ನು ಅವನು ಆರಿಸಿಕೊಂಡಿದ್ದಾನೆ.

ಎಣಿಸುವ ಯಂತ್ರವೂ ಇಂಥದೊಂದು ಬಾಗಿಲೇ. ಚೀಲ ಸಾಗಿಸುವ ಕನ್ವೇಯರ್ ಬೆಲ್ಟಿನ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಪುಟ್ಟ ದೀಪ, ಎದುರು ಬದಿಯಲ್ಲಿ ಆ ಬೆಳಕನ್ನು ಹಿಡಿಯುವ ಕಣ್ಣು. ಚೀಲ ನಡುವೆ ಬಂದರೆ ಬೆಳಕು ಕಡಿಯುತ್ತದೆ, ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ, ಅಂಕಿ ಒಂದು ಏರುತ್ತದೆ. ಯಂತ್ರಕ್ಕೆ ಚೀಲವೂ ಗೊತ್ತಿಲ್ಲ, ಭತ್ತವೂ ಗೊತ್ತಿಲ್ಲ. ಅದು ಕಂಡದ್ದು ಒಂದು ನೆರಳನ್ನು. ಹಾಗಾಗಿ ಬೆಲ್ಟಿನ ಮೇಲೆ ಎರಡು ಚೀಲ ಮೈಗೆ ಮೈ ತಾಗಿಸಿಕೊಂಡು ಬಂದರೆ ಅದಕ್ಕೆ ಒಂದೇ ಉದ್ದನೆಯ ನೆರಳು. ಚೀಲದ ಕಿವಿಯೋ ಹೊಲಿದು ಬಿಟ್ಟ ಸುತಲಿಯೋ ಬೆಳಕಿಗೆ ಅಡ್ಡ ಆಡಿದರೆ ಒಂದೇ ಚೀಲಕ್ಕೆ ಮೂರು ಮಿಡಿತ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಒಂದು ಬೆಲ್ಟಿನ ಮುಂದೆ ಅದಕ್ಕಿಂತ ವೇಗವಾಗಿ ಓಡುವ ಇನ್ನೊಂದು ಬೆಲ್ಟ್ ಇಡುತ್ತಾರೆ. ಮುಂದಿನ ಚೀಲ ವೇಗದ ಬೆಲ್ಟಿಗೆ ಕಾಲಿಟ್ಟ ಕೂಡಲೇ ಹಿಂದಿನದನ್ನು ಬಿಟ್ಟು ಮುಂದೆ ಜಿಗಿಯುತ್ತದೆ, ನಡುವೆ ತಾನಾಗಿ ಸಂದು ಬೀಳುತ್ತದೆ. ಇನ್ನು ಸುತಲಿಯ ನೆರಳು. ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದ್ದು ಚೀಲದ ಉದ್ದ 90 ಸೆಂ.ಮೀ. ಇದ್ದರೆ ನೆರಳು 1.8 ಸೆಕೆಂಡ್ ಉಳಿಯಬೇಕು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಬಂದು ಹೋದ ನೆರಳು ಚೀಲದ್ದಲ್ಲ, ಅದನ್ನು ಬಿಡು ಎಂದು ಮೊದಲೇ ಹೇಳಿಟ್ಟಿರುತ್ತಾರೆ. ಎಣಿಸಲು ಕಲಿಸುವುದು ಸುಲಭ, ಯಾವುದನ್ನು ಎಣಿಸಬಾರದು ಎಂದು ಕಲಿಸುವುದರಲ್ಲೇ ಹೆಚ್ಚಿನ ಕೆಲಸ.

ಬೆಳಕಿನ ಕಣ್ಣಿಗೂ ಮೊದಲು ಈ ಕೆಲಸವನ್ನು ಹಲ್ಲುಚಕ್ರಗಳು ಮಾಡುತ್ತಿದ್ದವು. ಎರಡು ಸಾವಿರ ವರ್ಷದ ಹಿಂದೆ ರೋಮಿನ ವಿಟ್ರೂವಿಯಸ್ ದಾರಿ ಅಳೆಯುವ ಗಾಡಿಯೊಂದನ್ನು ವರ್ಣಿಸಿದ್ದಾನೆ. ಗಾಡಿಯ ಗಾಲಿ ಒಂದು ಸುತ್ತು ಹಾಕಿದಾಗ 400 ಹಲ್ಲಿನ ಇನ್ನೊಂದು ಚಕ್ರ ಒಂದೇ ಹಲ್ಲು ಜರುಗುತ್ತದೆ. 400 ಸುತ್ತಾದಾಗ, ಅಂದರೆ ಒಂದು ರೋಮನ್ ಮೈಲಿ ಆದಾಗ, ಪೆಟ್ಟಿಗೆಯೊಳಗೆ ಒಂದು ಕಲ್ಲು ಟಪ್ ಎಂದು ಬೀಳುತ್ತದೆ. ಸಂಜೆ ಕಲ್ಲು ಎಣಿಸಿದರೆ ಎಷ್ಟು ಮೈಲಿ ಬಂದೆವು ಎಂದು ಗೊತ್ತು. ಮನೆಯ ಹಳೆಯ ಕರೆಂಟ್ ಮೀಟರಿನಲ್ಲಿ 9 ಮಗುಚಿ 0 ಬರುವಾಗ ಪಕ್ಕದ ಅಂಕಿ ಒಂದು ಏರುತ್ತಿತ್ತಲ್ಲ, ಅದು ಆ ಕಲ್ಲಿನ ಪೆಟ್ಟಿಗೆಯ ವಂಶದ್ದೇ.

ಚೀಲವಾಯಿತು, ಕಾಳನ್ನು ಎಣಿಸಬೇಕೆಂದರೆ? ಬೀಜ ಪರೀಕ್ಷಿಸುವವರಿಗೆ ಇದು ನಿತ್ಯದ ಕೆಲಸ. ಸಾವಿರ ಕಾಳಿನ ತೂಕ ಎಷ್ಟು ಎನ್ನುವುದರಿಂದ ಕಾಳು ತುಂಬಿದೆಯೋ ಜೊಳ್ಳಾಗಿದೆಯೋ ತಿಳಿಯುತ್ತದೆ. ಬೀಜ ಎಣಿಸುವ ಯಂತ್ರದಲ್ಲಿ ಒಂದು ಬೋಗುಣಿ, ಅದರ ಒಳಗೋಡೆಯಲ್ಲಿ ಸುರುಳಿಯಾಗಿ ಮೇಲೇರುವ ಕಿರಿದಾದ ದಾರಿ. ಬೋಗುಣಿ ಸಣ್ಣಗೆ ನಡುಗುತ್ತಿದ್ದರೆ ಕಾಳುಗಳು ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ಹತ್ತಿಕೊಂಡು ಬರುತ್ತವೆ. ತುದಿಯಲ್ಲಿ ಕೆಳಗೆ ಬೀಳುವಾಗ ಬೆಳಕಿನ ಗೆರೆ ದಾಟುತ್ತವೆ. ಅಲ್ಲೂ ಬಾಗಿಲೇ, ಅಲ್ಲೂ ಸಾಲೇ. ಸಣ್ಣ ಭತ್ತದ ಸಾವಿರ ಕಾಳು 15 ಗ್ರಾಂ ತೂಗಿತು ಎಂದುಕೊಳ್ಳಿ. ಆಗ ಸಿರುಗುಪ್ಪದ ಒಂದು ಚೀಲದಲ್ಲಿ ಇರುವುದು 50 ಲಕ್ಷ ಕಾಳು. ಹಮಾಲನೊಬ್ಬ ಹಲಗೆಯ ಮೇಲೆ ಒಂದು ಸಲ ಹೋಗಿಬಂದರೆ ಅಷ್ಟು ಕಾಳು ಜಾಗ ಬದಲಿಸಿರುತ್ತದೆ. ಇದೇ ಮಿಲ್ಲಿನೊಳಗಿನ ಸಾರ್ಟೆಕ್ಸ್ ಯಂತ್ರ ಅಕ್ಕಿಯ ಒಂದೊಂದು ಕಾಳನ್ನೂ ಕ್ಯಾಮೆರಾದಿಂದ ನೋಡಿ, ಕಪ್ಪು ಮಚ್ಚೆಯದನ್ನು ಗಾಳಿಯಿಂದ ಊದಿ ಆಚೆ ತಳ್ಳುತ್ತದೆ. ಚೀಲ ಮಾರಾಟವಾಗುವುದು ಮಾತ್ರ ಕಾಳಿನ ಲೆಕ್ಕದಲ್ಲಲ್ಲ, ತೂಕದಲ್ಲಿ.

ಸಾಲಿನಲ್ಲಿ ನಿಲ್ಲಿಸಲಾಗದ್ದನ್ನು ತೂಗಬೇಕು. ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಅಂಥದ್ದು. ವೇ ಬ್ರಿಡ್ಜಿನ ಮೇಲೆ ಲಾರಿ ಏರಿದಾಗ ಅದರಡಿಯ ಉಕ್ಕಿನ ಗುಂಡಿಗೆಗಳು, ಲೋಡ್ ಸೆಲ್ಲುಗಳು, ಕಣ್ಣಿಗೆ ಕಾಣದಷ್ಟು ಕೊಂಚವೇ ಕುಗ್ಗುತ್ತವೆ. ಆ ಉಕ್ಕಿಗೆ ತೆಳ್ಳನೆಯ ಲೋಹದ ತಂತಿಯ ಜಾಲವೊಂದನ್ನು ಅಂಟಿಸಿರುತ್ತಾರೆ. ಉಕ್ಕಿನ ಜೊತೆ ತಂತಿಯೂ ಎಳೆದುಕೊಂಡರೆ ಅದು ಉದ್ದವಾಗಿ ತೆಳುವಾಗುತ್ತದೆ, ಕರೆಂಟಿಗೆ ಒಡ್ಡುವ ತಡೆ ಹೆಚ್ಚುತ್ತದೆ. ಕುಗ್ಗಿದರೆ ತಡೆ ಇಳಿಯುತ್ತದೆ. 1938ರಲ್ಲಿ ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಗ್ ಒಬ್ಬರಿಗೊಬ್ಬರು ತಿಳಿಯದೆ ಇದನ್ನು ಕಂಡುಹಿಡಿದರು. ತಡೆಯ ಆ ಬದಲಾವಣೆ ಎಷ್ಟು ಚಿಕ್ಕದೆಂದರೆ ನೇರವಾಗಿ ಅಳೆಯಲಾಗದು. ಅದಕ್ಕೆ ನಾಲ್ಕು ತಡೆಗಳನ್ನು ತಕ್ಕಡಿಯ ಎರಡು ತಟ್ಟೆಯ ಹಾಗೆ ಎದುರುಬದುರು ಜೋಡಿಸುತ್ತಾರೆ. ಶಾಲೆಯಲ್ಲಿ ಓದಿದ ವೀಟ್‌ಸ್ಟನ್ ಸೇತುವೆ ಅದೇ. ತಟ್ಟೆಗಳು ಸಮವಾಗಿದ್ದರೆ ಸೊನ್ನೆ, ಒಂದು ಕೊಂಚ ವಾಲಿದರೂ ಅಂಕಿ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಅದಿರು ಸಿಕ್ಕಿತು.

ನಿಜವಾಗಿ ಸಿಕ್ಕಿತೇ? ಮಳೆಗಾಲದ ಅದಿರಿನಲ್ಲಿ ನೀರೂ ಇರುತ್ತದೆ. 100 ಟನ್ನಿನಲ್ಲಿ 8 ಟನ್ ನೀರಿದ್ದರೆ ಕೊಂಡವನು ಹಣ ಕೊಡಬೇಕಾದ್ದು 92ಕ್ಕೆ. ಅದಕ್ಕೇ ಅದಿರಿನ ವ್ಯಾಪಾರದಲ್ಲಿ ಒಣ ಟನ್ ಎಂಬ ಬೇರೆ ಲೆಕ್ಕವಿದೆ. ಆದರೆ ನಮ್ಮ ಜಿಲ್ಲೆ ಅನುಭವಿಸಿದ್ದು ನೀರಿನ ತಪ್ಪನ್ನಲ್ಲ. ಲಾರಿ ವೇ ಬ್ರಿಡ್ಜಿಗೆ ಬರದೇ ಹೋದರೆ, ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ತುಂಬಿದರೆ, ಲೋಡ್ ಸೆಲ್ ಎಷ್ಟು ಸೂಕ್ಷ್ಮವಾಗಿದ್ದರೂ ಪ್ರಯೋಜನವಿಲ್ಲ. ರಸ್ತೆಯ ಬದಿಯ ಮರ, ಮನೆ, ಬಟ್ಟೆ ಎಲ್ಲಕ್ಕೂ ಕೆಂಧೂಳು ಮೆತ್ತಿದ, ಅಕ್ರಮ ಗಣಿಗಾರಿಕೆಯ ಆ ವರ್ಷಗಳಲ್ಲಿ ಎಷ್ಟು ಅದಿರು ಹೋಯಿತು ಎನ್ನುವುದೇ ರಾಜ್ಯದ ದೊಡ್ಡ ಪ್ರಶ್ನೆಯಾಯಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಸರಕಾರ ವಶಪಡಿಸಿಕೊಂಡು ಇಟ್ಟಿದ್ದ ಲಕ್ಷಾಂತರ ಟನ್ ಅದಿರೇ ಕಾಣೆಯಾಯಿತು. ಈ ಅಕ್ರಮದ ಬಗ್ಗೆ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಮೊದಲ ವರದಿ, 2011ರ ಜುಲೈನಲ್ಲಿ ಎರಡನೆಯದನ್ನು ಕೊಟ್ಟರು. ಅದೇ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಅದು ಮತ್ತೆ ಶುರುವಾದಾಗ ವರ್ಷಕ್ಕೆ ಇಷ್ಟೇ ಎಂಬ ಮಿತಿ ಬಂತು. ಆಗ ಅದು ಅದಿರಿನ ಗಣಿಗಳಿದ್ದ ಮೂರು ಜಿಲ್ಲೆಗೆ ಸೇರಿ 3 ಕೋಟಿ ಟನ್, ಅದರಲ್ಲಿ ಬಳ್ಳಾರಿಗೆ 2.5 ಕೋಟಿ ಇತ್ತು.

ಇಂಥಲ್ಲಿ ಒಂದೇ ಬಾಗಿಲ ಲೆಕ್ಕವನ್ನು ನಂಬುವಂತಿಲ್ಲ. ಗುಡ್ಡದಲ್ಲಿ ಬಿದ್ದ ಗುಂಡಿಯ ಗಾತ್ರವನ್ನು ಸರ್ವೆ ಮಾಡಿ, ಘನ ಮೀಟರಿಗೆ ಎಷ್ಟು ಟನ್ ಎಂದು ಗುಣಿಸಿದರೆ ಅಗೆದದ್ದು ಎಷ್ಟು ಎಂದು ತಿಳಿಯುತ್ತದೆ. ವೇ ಬ್ರಿಡ್ಜಿನ ಚೀಟಿಗಳನ್ನು ಕೂಡಿಸಿದರೆ ಸಾಗಿಸಿದ್ದು ಎಷ್ಟು ಎಂದು ತಿಳಿಯುತ್ತದೆ. ಎರಡೂ ಕೂಡಿ ಬರಬೇಕು. ಚೀಟಿ ತಿದ್ದಬಹುದು, ಗುಡ್ಡದಲ್ಲಿ ಆದ ಗುಂಡಿಯನ್ನು ತಿದ್ದಲಾಗದು.

ಈಗ ಅದಿರು ಲಾರಿಗಳಲ್ಲಿ ಜಿಪಿಎಸ್ ಇದೆ. ಆಕಾಶದ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತನ್ನನ್ನು ತಲುಪಲು ತೆಗೆದುಕೊಂಡ ಹೊತ್ತನ್ನು ಅಳೆದು ಆ ಡಬ್ಬಿ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಕಂಪ್ಯೂಟರಿನ ನಕ್ಷೆಯಲ್ಲಿ ಗಣಿಯ ಸುತ್ತ ಒಂದು ಗೆರೆ ಎಳೆದಿಟ್ಟರೆ ಸಾಕು, ಲಾರಿ ಅದನ್ನು ದಾಟಿದ ಗಳಿಗೆ ದಾಖಲಾಗುತ್ತದೆ. ಕದವೂ ಇಲ್ಲ, ಚೌಕಟ್ಟೂ ಇಲ್ಲ, ಆದರೂ ಅದು ಬಾಗಿಲೇ. ಅಲ್ಲಿ ಎಣಿಕೆಯ ಜೊತೆಗೆ ‘ಯಾವುದು’ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಆ ‘ಯಾವುದು’ ಎಷ್ಟು ಮುಖ್ಯ ಎಂದು ಬಳ್ಳಾರಿ ನಗರದ ಜೀನ್ಸ್ ಹೊಲಿಯುವವರನ್ನು ಕೇಳಬೇಕು. ಡೆನಿಮ್ ಬಟ್ಟೆಯ ನೀಲಿ ಒಂದು ರೋಲಿನಿಂದ ಇನ್ನೊಂದಕ್ಕೆ ತುಸು ಬೇರೆ ಇರುತ್ತದೆ. ಹತ್ತಾರು ಪದರ ಒಟ್ಟಿಗೆ ಹಾಸಿ ಕತ್ತರಿಸಿದ ಮೇಲೆ ಒಂದು ಪದರದ ಎಡಗಾಲಿಗೆ ಇನ್ನೊಂದು ಪದರದ ಬಲಗಾಲು ಸೇರಿದರೆ ವಾಷಿಂಗ್ ಆದಮೇಲೆ ಎರಡು ಕಾಲು ಎರಡು ಬಣ್ಣ. ಅದಕ್ಕೇ ಪ್ರತಿ ತುಂಡಿಗೂ ಪದರದ ನಂಬರು ಬೀಳುತ್ತದೆ. ಒಂದು ನಂಬರಿನ ತುಂಡುಗಳು ಅದೇ ನಂಬರಿನ ಜೊತೆಯೇ ಹೊಲಿಗೆ ಸೇರಬೇಕು. ಅಂಗಡಿಯಲ್ಲಿ ಆ ಪ್ಯಾಂಟಿನ ಮೇಲೆ ಕಾಣುವ ಬಾರ್‌ಕೋಡ್ ಈ ನಂಬರಿನ ತಮ್ಮನಿದ್ದ ಹಾಗೆ. ಅಂಗಡಿಯೊಂದರ ಗಲ್ಲಾದಲ್ಲಿ ಅದನ್ನು ಮೊದಲು ಓದಿದ್ದು 1974ರ ಜೂನ್ 26ರಂದು, ಅಮೆರಿಕದ ಓಹಾಯೊದಲ್ಲಿ, ಚೂಯಿಂಗ್ ಗಮ್ಮಿನ ಪೊಟ್ಟಣದ ಮೇಲೆ.

ಬಾಗಿಲೂ ಇಲ್ಲ, ತೂಗುವಂತೆಯೂ ಇಲ್ಲ ಎಂಬ ಸಂದರ್ಭವೂ ಇದೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ತೇರು ಎಳೆಯುವಾಗ ಸೇರಿದ ಜನವನ್ನು ಎಣಿಸುವುದು ಹೇಗೆ? ಓಣಿ ಓಣಿಯಿಂದ ಜನ ಬರುತ್ತಾರೆ, ಮಾಳಿಗೆ ಮೇಲೂ ನಿಂತಿರುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಬರ್ಕ್‌ಲಿಯ ಪತ್ರಿಕೋದ್ಯಮ ಪ್ರಾಧ್ಯಾಪಕ ಹರ್ಬರ್ಟ್ ಜೇಕಬ್ಸ್‌ಗೆ ಇದೇ ಪ್ರಶ್ನೆ ಎದುರಾಯಿತು. ಅವರ ಕಿಟಕಿಯ ಕೆಳಗಿನ ಅಂಗಳದಲ್ಲಿ ವಿದ್ಯಾರ್ಥಿಗಳು ಸಭೆ ಸೇರುತ್ತಿದ್ದರು. ಅಂಗಳದ ನೆಲ ಚೌಕಚೌಕವಾಗಿತ್ತು. ಕೆಲವು ಚೌಕದ ಜನರನ್ನು ಎಣಿಸಿ ಉಳಿದುದಕ್ಕೆ ಗುಣಿಸಿದರು. ಅವರು ಕಂಡುಕೊಂಡ ಪ್ರಕಾರ, ಸಡಿಲವಾಗಿ ನಿಂತ ಗುಂಪಿನಲ್ಲಿ ಒಬ್ಬರಿಗೆ 10 ಚದರಡಿ, ಒತ್ತಾಗಿದ್ದರೆ ನಾಲ್ಕೂವರೆ, ಮೈಗೆ ಮೈ ತಾಗಿದ್ದರೆ ಎರಡೂವರೆ. ಈ ಲೆಕ್ಕ ಕೈಯಲ್ಲಿದ್ದರೆ ‘ಲಕ್ಷ ಜನ’ ಎಂಬ ಮಾತನ್ನು ಪರೀಕ್ಷಿಸಬಹುದು. ಒತ್ತಾಗಿ ನಿಂತರೂ ಲಕ್ಷ ಜನಕ್ಕೆ ನಾಲ್ಕೂವರೆ ಲಕ್ಷ ಚದರಡಿ, ಅಂದರೆ ಹತ್ತು ಎಕರೆಗಿಂತ ಹೆಚ್ಚು ಜಾಗ ಬೇಕು. ಈಗಿನ ಕ್ಯಾಮೆರಾಗಳ ತಂತ್ರಾಂಶವೂ ದಟ್ಟ ಗುಂಪಿನಲ್ಲಿ ತಲೆಗಳನ್ನು ಬಿಡಿಬಿಡಿಯಾಗಿ ಹುಡುಕುವುದನ್ನು ಬಿಟ್ಟು, ಚಿತ್ರದ ಯಾವ ಭಾಗ ಎಷ್ಟು ದಟ್ಟ ಎಂದೇ ಅಂದಾಜಿಸುತ್ತದೆ. ಜಾತ್ರೆಯಲ್ಲಿ ಈ ಲೆಕ್ಕದಿಂದ ಜೀವ ಉಳಿಯುತ್ತದೆ. ಯಾವ ಓಣಿಯಲ್ಲಿ ಇನ್ನು ಜನ ಬಿಡಬಾರದು ಎಂದು ಕಾಲ್ತುಳಿತವಾಗುವ ಮೊದಲೇ ತಿಳಿಯಬೇಕು.

ವಸ್ತುಗಳಿಂದ ಮನುಷ್ಯರಿಗೆ ಬಂದಾಗ ನಾನು ಹೆಚ್ಚು ಎಚ್ಚರದಿಂದ ನೋಡುತ್ತೇನೆ. ದಿನಕ್ಕೆ 10 ಸಾವಿರ ಹೆಜ್ಜೆ ಎಂಬ ಮಾತು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೋ-ಕೇ’ ಎಂಬ ಹೆಜ್ಜೆ ಎಣಿಕೆಯ ಡಬ್ಬಿಯಿಂದ ಹಬ್ಬಿತು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ಈಗ ಆ ಕೆಲಸ ಮೊಬೈಲಿನೊಳಗೆ ಸೇರಿದೆ. ಸಿಲಿಕಾನಿನ ಚಿಪ್ಪಿನಲ್ಲಿ ಕೆತ್ತಿದ ಅತಿ ಸಣ್ಣ ತೂಗುಪಟ್ಟಿಯೊಂದು ನಡೆಯುವವರ ಮೈ ಏರಿಳಿದಂತೆ ಅಲುಗುತ್ತದೆ. ಆ ಅಲುಗಾಟದ ಏರು ಇಳಿವನ್ನು ಎಣಿಸಿದರೆ ಹೆಜ್ಜೆ. ಸಂಜೆ ವಾಯುವಿಹಾರಕ್ಕೆ ಹೋದವರ ಜೇಬಿನಲ್ಲಿಯೂ, ಚೀಲ ಹೊತ್ತು ಹಲಗೆ ದಾಟುವ ಹಮಾಲರ ಜೇಬಿನಲ್ಲಿಯೂ ಅದು ಒಂದು ಹೆಜ್ಜೆಗೆ ಒಂದೇ ಅಂಕಿ ಏರಿಸುತ್ತದೆ. ಬೆನ್ನ ಮೇಲಿನ ಭಾರ ಅದರ ಬಾಗಿಲಿಗೆ ಬರುವುದೇ ಇಲ್ಲ.

ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ಮೊಬೈಲ್ ಆ್ಯಪಿನ ಹಾಜರಿ ಕಡ್ಡಾಯವಾಯಿತು. ಕೆಲಸದ ಉಸ್ತುವಾರಿ ನೋಡುವ ಕಾಯಕ ಬಂಧು ಕೂಲಿಕಾರರನ್ನು ಸಾಲಾಗಿ ನಿಲ್ಲಿಸಿ ದಿನಕ್ಕೆ ಎರಡು ಸಲ ಫೋಟೊ ತೆಗೆಯಬೇಕು. ಫೋಟೊದ ಜೊತೆ ಜಾಗವೂ ಹೊತ್ತೂ ದಾಖಲಾಗುತ್ತವೆ. ಸುಳ್ಳು ಹೆಸರು ಸೇರಿಸುವುದನ್ನು ತಡೆಯಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಸಿಗ್ನಲ್ ಸಿಗದೆ ಫೋಟೊ ಹೋಗದಿದ್ದರೆ ಆ ಹೊತ್ತು ಕಾಲುವೆಯ ಹೂಳು ಎತ್ತಿದ ಹೆಣ್ಣುಮಗಳು ಯಂತ್ರದ ಪಾಲಿಗೆ ಬಂದೇ ಇಲ್ಲ. ಅವಳ ಕಡೆ ಇರಬೇಕಾದ ಇನ್ನೊಂದು ಲೆಕ್ಕ ಜಾಬ್ ಕಾರ್ಡ್, ಕೆಲಸ ಮಾಡಿದ ದಿನಗಳನ್ನು ಬರೆದು ಅವಳ ಕೈಯಲ್ಲೇ ಇರಬೇಕಾದ ಪುಸ್ತಕ. ಅದನ್ನು ದಿನದಿನವೂ ತುಂಬುವುದು ಆ್ಯಪಿನಷ್ಟೇ ಮುಖ್ಯವಾದ ತಂತ್ರಜ್ಞಾನ ಎಂದು ನಾನು ನಂಬುತ್ತೇನೆ.

ಮಿಲ್ಲಿನ ಹಮಾಲರು ಇದನ್ನು ಮೊದಲಿನಿಂದ ಬಲ್ಲರು. ಕೂಲಿ ಸಿಗುವುದು ಚೀಲದ ಲೆಕ್ಕದಲ್ಲಿ, ಹಾಗಾಗಿ ಬಾಗಿಲಲ್ಲಿ ಕೂತವನು ಎಷ್ಟೇ ಗೆರೆ ಎಳೆಯಲಿ, ಹೊರುವ ಗುಂಪಿನಲ್ಲೂ ಒಬ್ಬ ಎಣಿಸುತ್ತಿರುತ್ತಾನೆ. ಲಾರಿ ಖಾಲಿಯಾದ ಮೇಲೆ ಎರಡು ಲೆಕ್ಕ ಕೂಡಿದರೆ ಸರಿ. ಕೂಡದಿದ್ದರೆ ಯಾರೂ ದನಿ ಏರಿಸುವುದಿಲ್ಲ, ಒಳಗೆ ಹೋಗಿ ಒಟ್ಟಿದ ಚೀಲಗಳ ಮುಂದೆ ನಿಲ್ಲುತ್ತಾರೆ. ಅಡ್ಡ ಎಂಟು, ಉದ್ದ ಹನ್ನೆರಡು, ಎತ್ತರ ಐದು, ಅಲ್ಲಿಗೆ ನಾನೂರ ಎಂಬತ್ತು. ಮೇಲೆ ಬಿಡಿಯಾಗಿ ಇಟ್ಟವನ್ನು ಒಬ್ಬ ಬೆರಳು ತೋರಿಸಿ ಗಟ್ಟಿಯಾಗಿ ಎಣಿಸುತ್ತಾನೆ, ಉಳಿದವರು ಕೇಳಿಸಿಕೊಳ್ಳುತ್ತಾರೆ.