ಹೊತ್ತಿಗೊಂದು ಗಾಳಿ



ಚಳಿಗಾಲದಲ್ಲಿ ನಮ್ಮ ಅಕ್ಕಲಕೋಟ, ಜತ್ತ ಕಡೆಯ ಹಳ್ಳಿಗಳ ಮೇಲೆ ನಸುಕಿನಲ್ಲಿ ಹೊಗೆ ಚಾದರ ಹಾಸಿದಂತೆ ನಿಂತಿರುವುದನ್ನು ನೀವು ನೋಡಿದ್ದೀರಿ. ಮಧ್ಯಾಹ್ನ ಅದು ಕಾಣುವುದಿಲ್ಲ. ಒಲೆ ಆರಿತು, ಹೊಗೆ ಹೋಯಿತು ಎನ್ನುತ್ತೇವೆ. ಅಷ್ಟೇ ಅಲ್ಲ.

ಬಿಸಿಲಿಗೆ ನೆಲ ಕಾದಾಗ ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಹೀಗೆ ಒಂದೆರಡು ಕಿಲೋಮೀಟರ್ ಎತ್ತರದವರೆಗೆ ಗಾಳಿ ಬೆರೆತು ಹೊಗೆ ತೆಳುವಾಗುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ಬೇಗ ಆರುತ್ತದೆ. ಆಗ ತಣ್ಣನೆಯ ಭಾರದ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಪಾತ್ರೆಗೆ ಮುಚ್ಚಳ ಇಟ್ಟಂತೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಈ ಮುಚ್ಚಳ ನೂರಿನ್ನೂರು ಮೀಟರಿಗೇ ಬಂದು ಕೂರಬಹುದು. ಹೊಗೆ ಅಷ್ಟೇ, ಕೋಣೆ ಮಾತ್ರ ಚಿಕ್ಕದು.

ಸಂಜೆಯ ಅಡಿಗೆ ಒಲೆ, ಮೋಟಾರು ಗಾಡಿ, ಹೊಲದಲ್ಲಿ ಸುಟ್ಟ ರವದಿ ಎಲ್ಲದರ ಹೊಗೆಯೂ ಅದರೊಳಗೇ ಉಳಿಯುತ್ತದೆ. ಬೆಳಿಗ್ಗೆ ಬಚ್ಚಲ ಒಲೆಯದು ಬಂದು ಸೇರುತ್ತದೆ. ಸೂರ್ಯ ಹುಟ್ಟಿದ ಕೂಡಲೇ ಮುಚ್ಚಳ ತೆರೆಯುವುದಿಲ್ಲ, ನೆಲ ಕಾಯಲು ಎರಡು ಮೂರು ತಾಸು ಬೇಕು. ಆದ್ದರಿಂದಲೇ ಚಳಿಗಾಲದಲ್ಲಿ ಏಳರಿಂದ ಒಂಬತ್ತರ ಹೊತ್ತು ಬಹಳ ಕೆಟ್ಟದ್ದು. ಎರಡರಿಂದ ನಾಲ್ಕು ಸಾಮಾನ್ಯವಾಗಿ ಹಗುರ. ಬೇಸಿಗೆಯ ಸುಂಟರಗಾಳಿಯ ಧೂಳಿನ ಲೆಕ್ಕ ಬೇರೆ. ಮಳೆ ಬಂದರೆ ಗಾಳಿ ತೊಳೆದುಹೋಗುತ್ತದೆ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ್ದೇ ಹೆಚ್ಚು ಅಪಾಯ. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್, 2.5 ಮೈಕ್ರಾನಿಗಿಂತ ಸಣ್ಣ ಕಣ ಪುಪ್ಪುಸದ ಆಳಕ್ಕೆ ಇಳಿಯುತ್ತದೆ. ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಇಂಥ ಕಣ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ಸರಕಾರ 2009ರಲ್ಲಿ ಗೊತ್ತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಎಂದಿತು.

ಮರಾಠಿ ಪತ್ರಿಕೆಗಳಲ್ಲಿ ಸೊಲ್ಲಾಪುರದ ‘ಹವಾ ಗುಣವತ್ತಾ ನಿರ್ದೇಶಾಂಕ’ ಬಂದರೆ ಒಂದು ಮಾತು ನೆನಪಿಡಿ. ಕಣಗಳ ಮಟ್ಟಿಗೆ ಅದು 24 ತಾಸಿನ ಸರಾಸರಿ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಸಂಜೆ ಕ್ಯಾಶ್ ಟ್ಯಾಲಿಯಾದ ಮಾತ್ರಕ್ಕೆ ಹನ್ನೊಂದು ಗಂಟೆಗೆ ಕೌಂಟರಿನಲ್ಲಿ ಎಷ್ಟು ನೂಕುನುಗ್ಗಲಿತ್ತೆಂದು ತಿಳಿಯುವುದಿಲ್ಲ.

ನಸುಕಿನ ಗಾಳಿ ಅಮೃತವೆಂದು ದಮ್ಮಿನ ರೋಗವಿರುವ ಹಿರಿಯರೂ ಐದಕ್ಕೇ ತಿರುಗಾಡಲು ಹೊರಡುತ್ತಾರೆ. ಚಳಿಗಾಲದಲ್ಲಿ ಇದನ್ನು ನಾನು ಒಪ್ಪುವುದಿಲ್ಲ. ಬಿಸಿಲೇರಿದ ಮೇಲೋ, ಇಳಿಹೊತ್ತು ನಾಲ್ಕಕ್ಕೋ ಹೋಗಲಿ. ಬೆಚ್ಚಗಿರಲೆಂದು ಕೂಸನ್ನು ಬಚ್ಚಲ ಒಲೆಯ ಮುಂದೆ ಕೂರಿಸಬೇಡಿ, ತಾಯಂದಿರೇ. ಇನ್ನು ರವದಿ: ಸಂಜೆ ಬೆಂಕಿಯಿಟ್ಟರೆ ಅದರ ಹೊಗೆಯನ್ನು ಊರೆಲ್ಲ ರಾತ್ರಿಯಿಡೀ ಉಸಿರಾಡಬೇಕು. ಸುಡದೆ ಕಬ್ಬಿನ ಸಾಲಿನ ನಡುವೆ ಹಾಸಿದರೆ ನೆಲದ ಹಸಿ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.